ಆಲುವದವರು ಸೆಟ್ ನೋಡಲು ಬಂದ ಭಾನುವಾರ

ತಿರುವನಂತಪುರದ ಬ್ಯಾಂಕ್ ತರಬೇತಿ ಕೇಂದ್ರದಲ್ಲಿ ಹಯವದನನ ಒಂದು ಪಾಠ ಬಹಳ ಹೆಸರು ಮಾಡಿತ್ತು. ಹೆಸರು ಮಾಡಿತ್ತು ಎಂದು ಹೇಳುತ್ತಿದ್ದವನು ಅವನೇ. ಬೇರೆ ಯಾರಾದರೂ ಹಾಗೆ ಹೇಳಿದ್ದನ್ನು ಕೇಳಿದವರಿಲ್ಲ.

ಹೊಸದಾಗಿ ಸೇರಿದ ಅಧಿಕಾರಿಗಳಿಗೆ ವ್ಯವಹಾರದ ಇಂಗ್ಲಿಷ್ ಕಲಿಸುವುದು ಅವನ ಕೆಲಸ. ಮೊದಲ ದಿನವೇ ಗ್ರಂಥಾಲಯದಿಂದ ದಪ್ಪ ನಿಘಂಟನ್ನು ಎದೆಗವಚಿಕೊಂಡು ಬಂದು ಮೇಜಿನ ಮೇಲೆ ಧಡ್ ಎಂದು ಇಡುತ್ತಿದ್ದ. ಆಮೇಲೆ ಬೋರ್ಡಿನ ಮೇಲೆ ಮೂರೇ ಅಕ್ಷರದ ‘ಸೆಟ್’ ಎಂಬ ಪದ ಬರೆದು, ‘ಇದರ ಅರ್ಥ ಯಾರು ಹೇಳುತ್ತೀರಿ?’ ಎಂದು ಕೇಳುತ್ತಿದ್ದ. ಯಾರು ಏನು ಹೇಳಿದರೂ ‘ಅದೂ ಹೌದು, ಆದರೆ ಅಷ್ಟೇ ಅಲ್ಲ’ ಎನ್ನುವುದರಲ್ಲಿ ಅವನಿಗೆ ಏನೋ ಒಂದು ಸುಖ. ಸೂರ್ಯ ಮುಳುಗಿದರೂ ಸೆಟ್, ಅಲಾರಂ ಇಟ್ಟರೂ ಸೆಟ್. ಮುರಿದ ಎಲುಬು ಕೂಡಿಸಿದರೂ ಸೆಟ್, ಸಿಮೆಂಟು ಗಟ್ಟಿಯಾದರೂ ಸೆಟ್. ಗಿರಾಕಿ ಸಾಲ ಕಟ್ಟದಿದ್ದಾಗ ಬ್ಯಾಂಕು ಅವನ ಠೇವಣಿಯನ್ನು ಮುರಿದುಕೊಂಡರೆ ಸೆಟ್ ಆಫ್. ಗಿರಾಕಿ ಕೋರ್ಟಿಗೆ ಹೋಗಿ ಅದನ್ನು ತಳ್ಳಿಹಾಕಿಸಿದರೆ ಸೆಟ್ ಅಸೈಡ್. ‘ನಾಲ್ಕು ನೂರಕ್ಕೂ ಮಿಕ್ಕಿ ಅರ್ಥ ಇದೆ. ಹಾಗಾಗಿ ಪತ್ರ ಬರೆಯುವಾಗ ಇದನ್ನು ಬಳಸಬೇಡಿ. ಇದು ಸೋಮಾರಿಗಳ ಪದ’ ಎಂದು ಮುಗಿಸುವಾಗ ಅವನ ಧ್ವನಿ ಸ್ವಲ್ಪ ಮೇಲಕ್ಕೆ ಹೋಗುತ್ತಿತ್ತು.

ಒಂದು ವರ್ಷ ಕೊನೆಯ ಸಾಲಿನಲ್ಲಿದ್ದ ಅಲ್ವಿನ್ ಎಂಬ ಹೊಸ ಅಧಿಕಾರಿ ಕೈ ಎತ್ತಿದ. ‘ಸಾರ್, ಒಂದು ಅರ್ಥ ಬಿಟ್ಟುಹೋಯಿತು.’

‘ಯಾವುದು?’

‘ಸೆಟ್, ಸಾರ್.’

‘ಅದೇ, ಅದರ ಅರ್ಥವೇನು?’

‘ಅರ್ಥ ಅಂದರೆ... ಸೆಟ್. ಅಷ್ಟೇ ಸಾರ್.’

ಮಲಯಾಳಿ ಹುಡುಗರೆಲ್ಲ ಗೊಳ್ಳೆಂದು ನಕ್ಕರು. ನಿಘಂಟಿನಲ್ಲಿ ಇಲ್ಲದ ಅರ್ಥ ಅರ್ಥವೇ ಅಲ್ಲ ಎಂದು ಹಯವದನ ಆ ವಿಷಯವನ್ನು ಅಲ್ಲಿಗೇ ಮುಚ್ಚಿದ.

ಇಂಗ್ಲಿಷಿನ ಮೇಲೆ ಅವನಿಗಿದ್ದ ಈ ಬಿಗುಮಾನಕ್ಕೆ ಕಾರಣವಿತ್ತು. ಕೋಟದ ಹತ್ತಿರದ ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವನು. ಕಾಲೇಜಿನಲ್ಲಿ ‘ವೆಜಿಟೇಬಲ್’ ಎನ್ನಲು ಹೋಗಿ ‘ವೆಜಿ ಟೇಬಲ್’ ಎಂದು ಮೂರು ವರ್ಷ ಅದೇ ಅಡ್ಡಹೆಸರಿನಲ್ಲಿ ಬದುಕಿದವನು. ಇಂಗ್ಲಿಷ್ ಅವನಿಗೆ ಪಿತ್ರಾರ್ಜಿತವಲ್ಲ, ಬೆವರು ಹರಿಸಿ ಮಾಡಿಕೊಂಡ ಸ್ವಯಾರ್ಜಿತ. ಅದರ ಮುಂದೆ ಮಲಯಾಳ ಕಲಿಯಬೇಕೆಂದು ಅವನಿಗೆ ಅನ್ನಿಸಲೇ ಇಲ್ಲ. ಹೆಂಡತಿ ರತ್ನ ತಿರುವನಂತಪುರಕ್ಕೆ ಬಂದ ಆರು ತಿಂಗಳಲ್ಲಿ ತರಕಾರಿಯವಳ ಜೊತೆ ಜಗಳವಾಡುವಷ್ಟು ಮಲಯಾಳ ಕಲಿತಳು. ಮಗಳು ಮಹತಿ ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಕೊಡುವಷ್ಟು ಮಲಯಾಳಿಯೇ ಆದಳು. ಹಯವದನ ಮಾತ್ರ ಅಷ್ಟೂ ವರ್ಷ ‘ವೆಳ್ಳಂ’ ಮತ್ತು ‘ಮತಿ’ ಎಂಬ ಎರಡು ಪದಗಳಲ್ಲಿ ಕಾಲ ಹಾಕಿದ. ನೀರು ಬೇಕಾದರೆ ಮೊದಲನೆಯದು, ಸಾಕಾದರೆ ಎರಡನೆಯದು.

ಕೊಚ್ಚಿಗೆ ವರ್ಗವಾದಾಗ ಇದು ನಡೆಯದಾಯಿತು. ಮಹತಿ ಓದು ಮುಗಿಸಿ ತಿರುವನಂತಪುರದಲ್ಲೇ ಬಾಹ್ಯಾಕಾಶ ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಗಂಡ ಹೆಂಡತಿ ಕಾಕ್ಕನಾಡಿನ ಫ್ಲ್ಯಾಟಿಗೆ ಬಂದರು. ಎಡಪ್ಪಳ್ಳಿಯ ಶಾಖೆ ತರಬೇತಿ ಕೇಂದ್ರದಂತಲ್ಲ. ಕೌಂಟರಿನ ಮುಂದೆ ನಿಂತ ಗಿರಾಕಿಗಳಿಗೆ ಮ್ಯಾನೇಜರ್ ಸಾಹೇಬರ ಶುದ್ಧ ಇಂಗ್ಲಿಷ್ ಬೇಕಿರಲಿಲ್ಲ. ಅವನ ಹೆಸರನ್ನೂ ಅವರು ಇದ್ದ ಹಾಗೆ ಬಿಡಲಿಲ್ಲ. ಕೊನೆಗೊಂದು ‘ನ್’ ಸೇರಿಸಿ ‘ಹಯವದನನ್ ಸಾರ್’ ಮಾಡಿದರು.

ಅದೇ ಶಾಖೆಯಲ್ಲಿ ಅಲ್ವಿನ್ ಇದ್ದ. ಬೆಳಿಗ್ಗೆ ‘ನಗದು ಬಂತಾ?’ ಎಂದರೆ ‘ಸೆಟ್ ಸಾರ್.’ ‘ಆ ಗಿರಾಕಿಯ ಗಲಾಟೆ ಏನಾಯಿತು?’ ಎಂದರೆ ‘ಸೆಟ್ಟಾಕ್ಕಿ ಸಾರ್’, ಅಂದರೆ ಬಗೆಹರಿಸಿದೆ ಎಂದು. ಊಟ ಹೇಗಿತ್ತು, ರಜೆ ಸಿಕ್ಕಿತಾ, ಪ್ರಿಂಟರ್ ಸರಿಯಾಯಿತಾ, ಎಲ್ಲಕ್ಕೂ ಅದೇ. ಮೊದಲ ವಾರ ಹಯವದನ ಹುಬ್ಬು ಗಂಟು ಹಾಕಿದ. ಎರಡನೆಯ ವಾರ ಒಬ್ಬ ಆಟೋದವನು ಉದ್ದಕ್ಕೆ ಏನೋ ಹೇಳಿ ಉತ್ತರಕ್ಕಾಗಿ ಕನ್ನಡಿಯಲ್ಲಿ ಇವನನ್ನೇ ನೋಡುತ್ತಿದ್ದಾಗ, ಬಾಯಿಂದ ತನ್ನಷ್ಟಕ್ಕೆ ‘ಸೆಟ್’ ಎಂದು ಬಂದುಬಿಟ್ಟಿತು. ಆಟೋದವನು ಮುಖವರಳಿಸಿ ‘ಸೆಟ್!’ ಎಂದು ಗಾಡಿ ತಿರುಗಿಸಿದ. ಎಲ್ಲಿಗೆ ತಿರುಗಿಸಿದ, ಯಾಕೆ ತಿರುಗಿಸಿದ ಎಂಬುದು ಹಯವದನನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಆದರೆ ಮನೆ ಬಂತು.

ಆವತ್ತಿನಿಂದ ಅವನು ಕೈಬಿಡಲಿಲ್ಲ. ಒಂದು ಭಾಷೆಯನ್ನು ಕಲಿಯುವ ಕಷ್ಟವೆಲ್ಲ ಒಂದೇ ಪದದಲ್ಲಿ ತಪ್ಪುತ್ತದೆ ಎಂದಾದರೆ ಯಾರು ಬಿಡುತ್ತಾರೆ? ಸೆಕ್ಯೂರಿಟಿಯವನು ಏನೋ ದೂರಿದರೆ ಸೆಟ್. ಮೇಲಿನ ಮನೆಯವರು ಲಿಫ್ಟಿನಲ್ಲಿ ಮಾತಾಡಿಸಿದರೆ ಸೆಟ್. ಅಸೋಸಿಯೇಷನ್ ಸಭೆಯಲ್ಲಿ ಎಲ್ಲರೂ ಇವನತ್ತ ತಿರುಗಿದಾಗ ‘ಸೆಟ್’ ಎಂದು, ಓಣಂ ಹೂವಿನ ರಂಗೋಲಿಯ ಉಸ್ತುವಾರಿಯನ್ನು ತಲೆಗೆ ಕಟ್ಟಿಕೊಂಡು ಬಂದ. ಜನ ಅವನನ್ನು ಮೆಚ್ಚಿದರು. ‘ಒಳ್ಳೆಯ ಮನುಷ್ಯ, ಯಾವುದಕ್ಕೂ ಇಲ್ಲ ಅನ್ನುವುದಿಲ್ಲ’ ಎಂದರು. ಯಾವುದಕ್ಕೆ ಹೌದು ಅಂದೆ ಎಂಬುದೇ ಅವನಿಗೆ ಗೊತ್ತಿರುವುದಿಲ್ಲ ಎಂದು ಅವರಿಗೇನು ಗೊತ್ತು? ಸೋಮಾರಿಗಳ ಪದ ಎಂದು ಒಂದು ಕಾಲದಲ್ಲಿ ತಾನೇ ಹೇಳಿದ್ದು ಆಗಾಗ ನೆನಪಾಗುತ್ತಿತ್ತು. ಹೇಳಿದ್ದು ಸರಿಯಾಗಿಯೇ ಇತ್ತು, ಪುರಾವೆ ಮಾತ್ರ ಈಗ ಸಿಕ್ಕಿತು ಎಂದುಕೊಂಡು ಸುಮ್ಮನಾಗುತ್ತಿದ್ದ.

ಮನೆಯಲ್ಲೂ ಇದೇ ಅಭ್ಯಾಸವಾಯಿತು. ರತ್ನ ಏನು ಹೇಳಿದರೂ ಪತ್ರಿಕೆಯ ಹಿಂದಿನಿಂದ ‘ಸೆಟ್’. ಮಹತಿ ಸಂಜೆ ಫೋನ್ ಮಾಡಿದಾಗ ಎರಡು ಮಾತು ಕೇಳಿ ‘ಸೆಟ್, ಸೆಟ್, ಅಮ್ಮನಿಗೆ ಕೊಡ್ತೆ.’

ಒಂದು ಸಂಜೆ ಅವನು ಎಡಪ್ಪಳ್ಳಿ ಜಂಕ್ಷನ್ನಿನಲ್ಲಿ ಆಟೋದಲ್ಲಿ ಸಿಕ್ಕಿಬಿದ್ದಿದ್ದ. ಸುತ್ತ ಬಸ್ಸುಗಳ ಹಾರ್ನು. ಆಗ ಮಹತಿಯ ಫೋನ್ ಬಂತು. ಆ ವಾರ ಅವಳ ಮನೆಯ ಇನ್ವರ್ಟರ್ ಕೆಟ್ಟಿದೆ ಎಂದು ರತ್ನ ಹೇಳಿದ್ದು ಅವನ ತಲೆಯಲ್ಲಿತ್ತು.

‘ಅಪ್ಪಾ, ಒಂದು ಕಾರ್ಯಂ ಹೇಳ್ಬೇಕು. ಬೈಬೇಡಿ.’ ಮಹತಿಯ ಕನ್ನಡದಲ್ಲಿ ಮಲಯಾಳ ಹೀಗೆ ನಡುವೆ ನುಗ್ಗುತ್ತಿತ್ತು. ‘ಮನೋಜ್... ಮನೋಜ್ ಜೊತೆ ಸೆಟ್ ಆಯ್ತು.’

ಹಯವದನ ಲೆಕ್ಕ ಹಾಕಿದ. ಮನೋಜ್ ಎಂದರೆ ಇನ್ವರ್ಟರಿನವನು. ‘ಒಳ್ಳೇದಾಯ್ತಲೆ! ಬೈಯೂದು ಎಂತಕ್ಕೆ? ಗ್ಯಾರಂಟಿ ಇತ್ತಾ?’

ಆ ಕಡೆ ನಗು. ‘ಗ್ಯಾರಂಟಿ ಇದೆ ಅಪ್ಪಾ.’

‘ಕಾಣೂಕೆ ಚಂದ ಇದ್ರೆ ಸಾಕಾತ್ತಿಲ್ಲೆ, ತಡ್ಕಂತಾ ಕಾಣ್. ಒಳ್ಳೆ ಕಡೆದಾ?’

‘ಆಲುವದ್ದು. ಒಳ್ಳೆ ಫ್ಯಾಮಿಲಿ.’

ಹಾರ್ನಿನ ಗದ್ದಲದಲ್ಲಿ ‘ಆಲುವ’ ಮಾತ್ರ ಅವನ ಕಿವಿಗೆ ಬಿತ್ತು. ಕೊಚ್ಚಿಯ ಪಕ್ಕದ ಆ ಊರಿನಲ್ಲಿ ಸಣ್ಣ ಕಾರ್ಖಾನೆಗಳು ಬೇಕಾದಷ್ಟಿವೆ. ‘ಹಳೇದನ್ನ ಎಂತ ಮಾಡ್ದೆ?’

‘ಅಯ್ಯೋ ಅಪ್ಪಾ, ಅದು ಮುಗಿದು ಎರಡು ವರ್ಷ ಆಯ್ತು. ನಿಮಗೆ ಯಾರು ಹೇಳಿದ್ದು?’

‘ನಂಗೆ ಎಲ್ಲ ಗೊತ್ತಾತ್ತ್. ಆಯ್ತ್, ಸೆಟ್!’

ಫೋನ್ ಇಡುವಾಗ ಮಗಳು ‘ಥ್ಯಾಂಕ್ಯೂ ಅಪ್ಪಾ’ ಎಂದದ್ದು ಸ್ವಲ್ಪ ಅತಿಯಾಯಿತು ಅನ್ನಿಸಿತು. ಒಂದು ಇನ್ವರ್ಟರಿಗೆ ಇಷ್ಟು ಭಾವುಕಳಾಗಬೇಕಾ? ಆದರೂ ಸಂತೋಷವಾಯಿತು. ಆ ಸಂತೋಷದಲ್ಲಿ ಆಟೋ ಇಳಿಯುವಾಗ ಛತ್ರಿ ಅಲ್ಲೇ ಬಿಟ್ಟುಬಂದ.

ಮಹತಿ ಅದೇ ಸಂಜೆ ಅಮ್ಮನಿಗೂ ಫೋನ್ ಮಾಡಿ, ಅಪ್ಪನಿಗೆ ಮನೋಜನ ವಿಷಯ ಎಲ್ಲ ಹೇಳಿದೆ, ಅಪ್ಪ ಒಂದು ಮಾತೂ ಬೈಯದೆ ಮದುವೆಗೆ ಒಪ್ಪಿದರು ಎಂದಳು. ರತ್ನಳಿಗೆ ಆಶ್ಚರ್ಯವಾಯಿತು. ಜಾತಿ, ಭಾಷೆ ಎಂದು ಎಂಟು ದಿನವಾದರೂ ಮುಖ ಊದಿಸಿಕೊಂಡಿರುತ್ತಾರೆ ಎಂದು ಅವಳು ಭಾವಿಸಿದ್ದಳು. ಗಂಡ ಎಂದಿನಂತೆ ಬಂದು, ಚಾ ಕುಡಿದು, ಟಿವಿ ಮುಂದೆ ಕೂತದ್ದನ್ನು ನೋಡಿ ಅವಳಿಗೆ ಅವನ ಮೇಲೆ ಗೌರವವೇ ಬಂತು. ಮೂವತ್ತು ವರ್ಷದ ಸಂಸಾರದಲ್ಲಿ ಅಪರೂಪಕ್ಕೆ ಬಂದ ಆ ಗೌರವ ಬಹಳ ದಿನ ಉಳಿಯಲಿಲ್ಲ ಎನ್ನುವುದು ಬೇರೆ ಮಾತು.

ಆಗಲೇ ಹಯವದನ ಹಳೆಯ ಸೋಫಾ ಸೆಟ್ ಮಾರಲು ಹೊರಟಿದ್ದ. ತಿರುವನಂತಪುರದಲ್ಲಿ ಕೊಂಡ ತೇಗದ ಸೋಫಾ. ಕಾಕ್ಕನಾಡಿನ ಫ್ಲ್ಯಾಟಿನ ಹಜಾರಕ್ಕೆ ಅದು ಹಡಗು ತಂದು ಕೆರೆಯಲ್ಲಿಟ್ಟಂತೆ ಆಗಿತ್ತು. ಫೋಟೋ ತೆಗೆದು ಮೊಬೈಲಿನಲ್ಲಿ ಜಾಹೀರಾತು ಹಾಕಿದ. ಭಾನುವಾರ ಬೆಳಿಗ್ಗೆ ಬಂದು ನೋಡುತ್ತೇವೆ ಎಂದು ಒಬ್ಬರು ತಿಳಿಸಿದರು. ಶುಕ್ರವಾರ ರತ್ನ ಬಂದು, ‘ಹ್ವಾಯ್, ಕೇಣಿ. ಆಲುವದವ್ರ್ ಭಾನುವಾರ ಬತ್ರಂಬ್ರು’ ಎಂದಳು. ಅವಳು ಹೇಳಿದ್ದು ಮನೋಜನ ತಂದೆ ತಾಯಿಯ ವಿಷಯ, ಅವರು ಬರುವುದು ಸಂಜೆಗೆ. ಹಯವದನ ಪತ್ರಿಕೆಯಿಂದ ತಲೆಯೆತ್ತದೆ, ಓಹೋ, ಸೋಫಾದವರು ಆಲುವದವರಾ ಎಂದುಕೊಂಡು ‘ಸೆಟ್’ ಎಂದ.

ಭಾನುವಾರ ಬೆಳಿಗ್ಗೆ ರತ್ನ ಎಡಪ್ಪಳ್ಳಿಯ ಮಾಲಿಗೆ ಹೊರಟಳು. ‘ಬಪ್ಪವ್ರಿಗೆ ಈ ಒಡ್ಕ್ ಕಪ್ಪಲ್ ಚಾ ಕೊಡೂಕಾತ್ತಾ? ಒಂದ್ ಟೀ ಸೆಟ್ ತಕಂಡ್ ಬತ್ತೆ’ ಎಂದು ಚೀಲ ಹಿಡಿದು ಹೋದಳು. ಸೋಫಾ ಕೊಳ್ಳುವವರಿಗೆ ಹೊಸ ಕಪ್ಪು ಯಾಕೆ ಎಂದು ಅವನಿಗೆ ಅನ್ನಿಸದೆ ಇರಲಿಲ್ಲ. ಆದರೆ ಹೆಂಡತಿಯ ಖರೀದಿಯನ್ನು ಪ್ರಶ್ನಿಸಿ ಗೆದ್ದ ಅನುಭವ ಅವನಿಗಿರಲಿಲ್ಲ.

ಅವಳು ಹೋಗಿ ಸ್ವಲ್ಪ ಹೊತ್ತಿಗೆ ಬೆಲ್ ಆಯಿತು. ಬಾಗಿಲಲ್ಲಿ ನಿಂತವರು ಗಂಡ ಹೆಂಡತಿ. ಗಂಡ ಎತ್ತರದ ಆಳು, ಬಿಳಿ ಶರ್ಟು, ಇಸ್ತ್ರಿಯ ಬಿಳಿ ಪಂಚೆ. ಆಕೆ ಜರಿ ಅಂಚಿನ ಬಿಳಿ ಸೀರೆಯುಟ್ಟು, ಕೈಯಲ್ಲಿ ಹಲ್ವಾದ ಡಬ್ಬಿ ಹಿಡಿದಿದ್ದರು. ಸೋಫಾ ಕೊಳ್ಳಲು ಇಷ್ಟು ಸಿಂಗರಿಸಿಕೊಂಡು, ಸಿಹಿಯನ್ನೂ ತರುತ್ತಾರೆ. ಕೇರಳದವರ ಕ್ರಮವೇ ಕ್ರಮ ಎಂದು ಹಯವದನ ಮನಸ್ಸಿನಲ್ಲೇ ಮೆಚ್ಚಿದ.

‘ನಾನು ದಿವಾಕರನ್, ಇದು ಪ್ರೇಮ. ಆಲುವದಿಂದ’ ಎಂದರು ಅವರು ಇಂಗ್ಲಿಷಿನಲ್ಲಿ. ‘ಸಂಜೆಗೆ ಅಂದಿದ್ದೆವು. ಇಲ್ಲೇ ಪಕ್ಕದಲ್ಲಿ ಒಂದು ಮದುವೆ ಇತ್ತು, ಹಾಗೆ ಬೆಳಿಗ್ಗೆಯೇ ಬಂದುಬಿಟ್ಟೆವು. ತೊಂದರೆ ಇಲ್ಲ ತಾನೇ?’

‘ಬೇಗ ಬಂದದ್ದೇ ಒಳ್ಳೆಯದಾಯಿತು. ಇನ್ನೂ ಇಬ್ಬರು ಕೇಳುತ್ತಿದ್ದಾರೆ’ ಎಂದ ಹಯವದನ. ಬೆಳಿಗ್ಗೆ ಎಂದು ತಿಳಿಸಿದ್ದನ್ನು ಇವರೇ ಮರೆತಿರಬೇಕು ಎಂದುಕೊಂಡ; ವ್ಯಾಪಾರದಲ್ಲಿ ಹಾಗೆ ಒಂದು ಮಾತು ಹೇಳಬೇಕು ಎಂದೂ ಅವನಿಗೆ ಗೊತ್ತಿತ್ತು.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ‘ಇನ್ನೂ ಇಬ್ಬರಾ?’

‘ಹೌದು. ಆದರೆ ನಾನು ಮೊದಲು ಬಂದವರಿಗೆ ಮೊದಲು ಎನ್ನುವವನು. ಹೆದರಬೇಡಿ, ಕೂತುಕೊಳ್ಳಿ.’

ಅವರು ಸೋಫಾದ ತುದಿಯಲ್ಲಿ ಕೂತರು. ‘ಚೆನ್ನಾಗಿ ಹಿಂದಕ್ಕೆ ಒರಗಿ ಕೂತುಕೊಳ್ಳಿ’ ಎಂದು ಹಯವದನ ಒತ್ತಾಯಿಸಿದ. ಅವರು ಒರಗಿದರು.

‘ಮಗ ಎಲ್ಲ ಹೇಳಿದ್ದಾನೆ. ಫೋಟೋ ಕೂಡ ತೋರಿಸಿದ’ ಎಂದರು ಪ್ರೇಮ.

‘ಫೋಟೋಗಿಂತ ಎದುರಿಗೇ ಚೆಂದ.’

‘ಅದರಲ್ಲಿ ಸಂಶಯವೇ ಇಲ್ಲ’ ಎಂದರು ದಿವಾಕರನ್ ನಗುತ್ತಾ. ‘ನಿಮಗೂ ಪೂರ್ಣ ಸಮ್ಮತ ತಾನೇ? ಎಲ್ಲಾಂ ಸೆಟ್ ಅಲ್ಲೇ?’

ಕೊನೆಯಲ್ಲಿ ಮಲಯಾಳಕ್ಕೆ ಜಾರಿದ ಆ ಮಾತಿನಲ್ಲಿ ಸೆಟ್ ಎಂಬುದೊಂದೇ ಹಯವದನನ ಕಿವಿಗೆ ಬಿದ್ದದ್ದು. ಅವನು ಕುರ್ಚಿ ಎಳೆದುಕೊಂಡು ಕೂತ. ಪ್ರಾಮಾಣಿಕತೆಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ‘ನಾನು ಏನನ್ನೂ ಮುಚ್ಚಿಡುವುದಿಲ್ಲ. ತಿರುವನಂತಪುರದಿಂದ ಬಂದದ್ದು, ಗಟ್ಟಿಮುಟ್ಟು, ಇಷ್ಟು ವರ್ಷದಲ್ಲಿ ಒಂದು ದೂರಿಲ್ಲ. ಆದರೆ ಒಂದು ಕಾಲು ಸ್ವಲ್ಪ ಗಿಡ್ಡ.’

ಪ್ರೇಮ ಡಬ್ಬಿಯನ್ನು ಮಡಿಲಿಗೆ ಇಳಿಸಿದರು. ‘ಕಾಲಾ?’

‘ಎಡಗಡೆಯದು. ನೋಡಿದರೆ ಗೊತ್ತಾಗುವುದಿಲ್ಲ. ಕೆಳಗೆ ಏನಾದರೂ ಇಟ್ಟರೆ ಸರಿಯಾಗುತ್ತದೆ.’

ಅವರು ಮಹತಿಯನ್ನು ಆವರೆಗೆ ಕಂಡದ್ದು ವೀಡಿಯೋ ಕಾಲಿನಲ್ಲಿ, ಮುಖದ ಮಟ್ಟಿಗೆ. ಪ್ರೇಮ ಗಂಡನ ಕಡೆ ನೋಡಿದರು. ಗಂಡ ಕಿಟಕಿಯ ಕಡೆ ನೋಡಿದರು. ಆಮೇಲೆ ಪ್ರೇಮ ಮೆಲ್ಲಗೆ, ಆದರೆ ಗಟ್ಟಿ ಮನಸ್ಸಿನಿಂದ ಹೇಳಿದರು: ‘ಅದೆಲ್ಲ ನಮಗೆ ಒಂದು ವಿಷಯವೇ ಅಲ್ಲ ಸಾರ್. ನಮ್ಮ ಮಗನಿಗೆ ಇಷ್ಟವಾಗಿದೆ. ಅಷ್ಟು ಸಾಕು.’

ಎಷ್ಟು ಒಳ್ಳೆಯ ಗಿರಾಕಿಗಳು ಎಂದು ಹಯವದನನ ಮನಸ್ಸು ತುಂಬಿತು. ‘ಹಾಗಾದರೆ ಇವತ್ತೇ ತೆಗೆದುಕೊಂಡು ಹೋಗಿ. ಟೆಂಪೋದವನಿಗೆ ನಾನೇ ಹೇಳುತ್ತೇನೆ.’

‘ಇವತ್ತೇ?’ ದಿವಾಕರನ್ ಬೆಚ್ಚಿದರು. ‘ಟೆಂಪೋದಲ್ಲಿ?’

‘ಮತ್ತೆ ಹೊತ್ತುಕೊಂಡು ಹೋಗುತ್ತೀರಾ?’

ಕನ್ನಡದವರಲ್ಲಿ ಹೀಗೊಂದು ಪದ್ಧತಿ ಇರಬಹುದೇನೋ ಎಂದು ದಿವಾಕರನ್ ತಮಗೆ ತಾವೇ ಸಮಾಧಾನ ಹೇಳಿಕೊಂಡರಂತೆ. ಇದನ್ನು ಅವರೇ ಎಷ್ಟೋ ದಿನದ ಮೇಲೆ ಹೇಳಿದ್ದು. ಆಗ ಗಂಟಲು ಸರಿಮಾಡಿಕೊಂಡು, ‘ಸಾರ್, ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಹಣದ ಮಾತು ಇಲ್ಲ. ಅದು ನಮಗೆ ಹೇಸಿಗೆ’ ಎಂದರು.

ಹಯವದನನ ಮುಖ ಬಿಗಿಯಿತು. ಇಷ್ಟು ನಯದ ಮಾತು, ಹಲ್ವಾ, ಎಲ್ಲ ಇದಕ್ಕಾ? ‘ಹಣದ ಮಾತಿಲ್ಲ ಅಂದರೆ? ಬಿಟ್ಟಿ ಒಯ್ಯುತ್ತೀರಾ? ನಾನು ರೇಟ್ ಹಾಕಿದ್ದೇನಲ್ಲ!’

‘ರೇಟಾ?’

‘ಜಾಹೀರಾತಿನಲ್ಲಿ. ಬೇಕಾದರೆ ಕಾಲಿನ ಲೆಕ್ಕದಲ್ಲಿ ಸ್ವಲ್ಪ ಇಳಿಸಬಹುದು.’

ದಿವಾಕರನ್ ಎದ್ದು ನಿಂತರು. ಇಳಿಬಿಟ್ಟಿದ್ದ ಪಂಚೆಯನ್ನು ಜಗಳಕ್ಕೆ ನಿಂತವರಂತೆ ಮಡಚಿ ಮೇಲಕ್ಕೆ ಕಟ್ಟಿದರು. ‘ನೀವು ಓದಿದವರು, ಬ್ಯಾಂಕ್ ಮ್ಯಾನೇಜರು! ಹೆತ್ತ ಮಗಳಿಗೆ ಯಾರಾದರೂ ರೇಟ್ ಹಾಕುತ್ತಾರೆಯೇ?’

‘ಮಗಳು? ಯಾರ ಮಗಳು?’

ಅಷ್ಟು ಹೊತ್ತಿಗೆ ರತ್ನ ಟೀ ಸೆಟ್ಟಿನ ಡಬ್ಬಿ ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡಳು. ಅವರನ್ನು ಅವಳು ವೀಡಿಯೋದಲ್ಲಿ ಕಂಡಿದ್ದಳು. ‘ಅಯ್ಯೋ ದೇವ್ರೆ, ನೀವು ಬಂದೇ ಬಿಟ್ರಾ!’ ಎಂದು ಕೈಮುಗಿದು, ಗಂಡನ ಕಡೆ ತಿರುಗಿ, ‘ಅವ್ರನ್ನ ಎಂತಕ್ಕೆ ನಿಲ್ಸಿದ್ರಿ? ಮನೋಜನ ಅಪ್ಪ ಅಮ್ಮ ಅಲ್ದಾ?’ ಎಂದಳು.

‘ಇನ್ವರ್ಟರಿನ ಮನೋಜನದ್ದಾ?’ ಎಂದು ಕೇಳಿದ ಹಯವದನ.

ಆ ಮೇಲಿನ ಕೆಲವು ನಿಮಿಷಗಳನ್ನು ಅವನು ಈಗ ನೆನೆಸಿಕೊಳ್ಳುವಾಗ, ಹಜಾರದಲ್ಲಿ ಎಲ್ಲರೂ ಒಟ್ಟಿಗೆ ಮೂರು ಭಾಷೆಯಲ್ಲಿ ಮಾತಾಡುತ್ತಿದ್ದರು ಎಂಬುದು ಮಾತ್ರ ನೆನಪಿದೆ. ರತ್ನ ಮಲಯಾಳದಲ್ಲಿ ಅವರಿಗೆ ವಿವರಿಸಿದಳು, ಕುಂದಾಪುರದ ಕನ್ನಡದಲ್ಲಿ ಇವನಿಗೆ ಬೈದಳು. ಮಹತಿಯ ಎರಡು ಕಾಲೂ ಸಮನಾಗಿವೆ ಎಂದು ಪ್ರಮಾಣ ಮಾಡಿ ಹೇಳಿದಳು. ಪ್ರೇಮ ಅವರಿಗೆ ಮೊದಲು ಅರ್ಥವಾಯಿತು. ಅವರು ಹಲ್ವಾದ ಡಬ್ಬಿಯನ್ನು ತಬ್ಬಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ದಿವಾಕರನ್ ಮಾತ್ರ ಬಹಳ ಹೊತ್ತು ಸೋಫಾವನ್ನೇ ನೋಡುತ್ತಿದ್ದರು. ಕೊನೆಗೆ ಬಗ್ಗಿ ಅದರ ಎಡಗಾಲನ್ನು ಪರೀಕ್ಷಿಸಿ, ‘ಕಾಲಿನ ವಿಷಯದಲ್ಲಿ ಸಾರ್ ಸುಳ್ಳು ಹೇಳಿಲ್ಲ’ ಎಂದರು.

ಅದೇ ಸಮಯಕ್ಕೆ ನಿಜವಾದ ಸೋಫಾದವರು ಟೆಂಪೋದ ಜೊತೆ ಬಂದರು. ಹೊಸದಾಗಿ ಮದುವೆಯಾದ ಹುಡುಗ ಹುಡುಗಿ. ಕಾಲು ಗಿಡ್ಡ ಇದ್ದರೂ ಪರವಾಗಿಲ್ಲ ಎಂದರು. ಇಬ್ಬರು ಆಳುಗಳು ಸೋಫಾವನ್ನು ಲಿಫ್ಟಿನ ಬಾಗಿಲಲ್ಲಿ ಓರೆ ಮಾಡಿ, ನೇರ ಮಾಡಿ ಒದ್ದಾಡುತ್ತಿದ್ದಾಗ, ಊಟದ ಮೇಜಿನ ಸುತ್ತ ಇದ್ದ ನಾಲ್ಕು ಕುರ್ಚಿಗಳಲ್ಲಿ ಕೂತು ಬೀಗರಾಗುವವರು ಹೊಸ ಕಪ್ಪಿನಲ್ಲಿ ಚಾ ಕುಡಿದರು.

ಅವರು ಹೋದ ಮೇಲೆ ಹಯವದನ ಖಾಲಿ ಹಜಾರದಲ್ಲಿ ಕೋಪಿಸಿಕೊಂಡ ತಂದೆಯಂತೆ ಅತ್ತಿಂದಿತ್ತ ನಡೆದ. ಆದರೂ ಕೋಪ ಬರಲಿಲ್ಲ. ‘ನನ್ನ ಒಂದ್ ಮಾತ್ ಕೇಂಬುದ್ ಬೇಡ್ದಾ? ಬೇರೆ ಜಾತಿ, ಬೇರೆ ಭಾಷೆ...’ ಎಂದು ಶುರುಮಾಡಿದ.

‘ಕೇಂಡಿದ್ಲಲೆ. ನೀವು ಗ್ಯಾರಂಟಿ ಕೇಂಡ್ರಿ, ಒಪ್ದ್ರಿ. ಈಗ ಬೇಡ ಅಂಬುಕೆ ನಿಮ್ಗೆ ಬಾಯಿ ಎಲ್ಲಿತ್ತ್?’ ಎಂದು ರತ್ನ ಕಪ್ಪು ತೊಳೆಯಲು ಹೋದಳು. ತಕರಾರು ಮಾಡಲಿಕ್ಕೂ ಸ್ವಲ್ಪ ಪೂರ್ವಸಿದ್ಧತೆ ಬೇಕು ಎಂಬುದು ಹಯವದನನಿಗೆ ಆಗ ಹೊಳೆಯಿತು. ಅಲ್ಲದೆ, ಒಂದು ಕಾಲು ಗಿಡ್ಡ ಎಂದು ಕೇಳಿದ ಮೇಲೂ ‘ಅಷ್ಟು ಸಾಕು’ ಎಂದ ಹೆಂಗಸಿನ ಮನೆಗೆ ಬೇಡ ಎನ್ನಲು ಯಾವ ಮುಖ?

ಆದರೆ ಮಹತಿ ನಗಲಿಲ್ಲ. ರತ್ನ ಫೋನಿನಲ್ಲಿ ಎಲ್ಲವನ್ನೂ ಹೇಳಿದಾಗ ‘ಶರಿ ಅಮ್ಮಾ’ ಎಂದು ಇಟ್ಟುಬಿಟ್ಟಳು. ಅಪ್ಪ ಫೋನ್ ಮಾಡಿದರೆ ‘ಮೀಟಿಂಗ್‌ನಲ್ಲಿದ್ದೇನೆ’ ಎಂದು ಮೆಸೇಜು. ಆ ವಾರವೆಲ್ಲ ಮೀಟಿಂಗೇ ಮೀಟಿಂಗು. ಶನಿವಾರ ಹಯವದನ, ಬರುತ್ತಿದ್ದೇನೆ ಎಂದು ತಾನೂ ಒಂದು ಮೆಸೇಜು ಹಾಕಿ ರೈಲು ಹತ್ತಿದ.

ತಿರುವನಂತಪುರದ ಮ್ಯೂಸಿಯಂ ಆವರಣದಲ್ಲಿ ಅವಳು ಕಾಯುತ್ತಿದ್ದಳು. ಚಿಕ್ಕವಳಿದ್ದಾಗ ಪ್ರತಿ ಭಾನುವಾರ ಅವಳನ್ನು ಅಲ್ಲಿಗೆ ಕರೆತರುತ್ತಿದ್ದದ್ದು ಅವನೇ. ಇಬ್ಬರೂ ಮರಗಳ ಕೆಳಗೆ ಒಂದು ಸುತ್ತು ನಡೆದರು. ಹೇಳಲೆಂದು ರೈಲಿನಲ್ಲಿ ಅವನು ಇಂಗ್ಲಿಷಿನಲ್ಲಿ ಒಳ್ಳೆಯ ನಾಲ್ಕು ವಾಕ್ಯ ಜೋಡಿಸಿಕೊಂಡಿದ್ದ. ಅವಳ ಮುಖ ನೋಡಿದ ಮೇಲೆ ಒಂದೂ ಉಪಯೋಗಕ್ಕೆ ಬರುವಂತೆ ಕಾಣಲಿಲ್ಲ.

‘ನೀವು ತಪ್ಪು ತಿಳಿದದ್ದಕ್ಕೆ ನನಗೆ ಬೇಜಾರಿಲ್ಲ ಅಪ್ಪಾ’ ಎಂದು ಅವಳೇ ಶುರುಮಾಡಿದಳು. ಈ ಬಾರಿ ಮಲಯಾಳ ಸೇರದ ಹಾಗೆ, ಹುಡುಕಿ ಹುಡುಕಿ ಕನ್ನಡದಲ್ಲಿ. ‘ನೀವು ಯಾವಾಗಲೂ ಸೆಟ್ ಅಂತ ಹೇಳಿ ಅಮ್ಮನಿಗೆ ಫೋನ್ ಕೊಡ್ತೀರಿ. ಅವತ್ತು ಮಾತ್ರ ನಾಲ್ಕು ಪ್ರಶ್ನೆ ಕೇಳಿದ್ರಿ. ಒಳ್ಳೆಯವರಾ, ತಡ್ಕೊಳ್ತಾನಾ ಅಂತ. ನನಗೆ ಎಷ್ಟು ಖುಷಿ ಆಗಿತ್ತು ಗೊತ್ತಾ? ಮನೋಜನಿಗೂ ಹೇಳಿದೆ, ಅಪ್ಪ ನನ್ನ ವಿಷಯ ಎಷ್ಟು ಕೇಳಿದ್ರು ಅಂತ.’ ಅವಳು ನಿಂತಳು. ‘ಅದು ಇನ್ವರ್ಟರಿನ ವಿಷಯ ಅಲ್ವಾ?’

ಇಷ್ಟು ವರ್ಷ ಸಾವಿರಾರು ಜನರಿಗೆ ಸರಿಯಾದ ಪದ ಹುಡುಕಲು ಕಲಿಸಿದವನು, ಬೆಂಚಿನ ಮೇಲೆ ಕೂತು, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ.

‘ಈಗ ಕೇಳ್ಲಾ?’ ಎಂದ.

‘ಏನನ್ನ?’

‘ಅವನ ವಿಷಯ. ಇವತ್ತಿನವರೆಗೆ ನಂಗೆ ಅವನ ಹೆಸ್ರ್ ಬಿಟ್ರೆ ಎಂತದೂ ಗೊತ್ತಿಲ್ಲೆ. ಸಿಟ್ಟ್ ಬಂದ್ರೆ ಎಂತ ಮಾಡ್ತ ಅವ?’

ಮಹತಿ ಅವನ ಪಕ್ಕ ಕೂತಳು. ‘ಬಟ್ಟೆ ಇಸ್ತ್ರಿ ಮಾಡ್ತಾನೆ.’

‘ಮಗಾ, ತಮಾಷೆ ಬೇಡ.’

‘ನಿಜವಾಗ್ಲೂ ಅಪ್ಪಾ. ಸಿಟ್ಟು ಬಂದರೆ ಮಾತಾಡೋದೇ ಇಲ್ಲ. ಮನೆಯಲ್ಲಿ ಇದ್ದಬದ್ದ ಬಟ್ಟೆ ಎಲ್ಲ ಇಸ್ತ್ರಿ ಹಾಕ್ತಾನೆ. ಅವನ ಅಮ್ಮ ಹೇಳಿದ್ದು. ಅಪ್ಪನ ಪಂಚೆ ಯಾವಾಗಲೂ ಗರಿಗರಿಯಾಗಿ ಇರೋದು ಅದಕ್ಕೇ ಅಂತೆ.’

ಅವನು ಕೇಳುತ್ತಾ ಹೋದ, ಅವಳು ಹೇಳುತ್ತಾ ಹೋದಳು. ಮನೋಜ್ ಅವಳ ಸಂಸ್ಥೆಯಲ್ಲೇ ಬೇರೆ ವಿಭಾಗದಲ್ಲಿ ಇದ್ದಾನೆ; ಕ್ಯಾಂಟೀನಿನಲ್ಲಿ ಕೊನೆಯ ಒಂದು ಪ್ಲೇಟ್ ದೋಸೆಗಾಗಿ ಜಗಳವಾಗಿ ಪರಿಚಯವಾದದ್ದು; ಅವನಿಗೆ ಈಜು ಬರುತ್ತದೆ, ಸ್ಕೂಟರ್ ಬರುವುದಿಲ್ಲ. ಮೊದಲು ಇದ್ದ ಆ ‘ಹಳೆಯದರ’ ವಿಷಯವನ್ನೂ ಅವಳು ಹೇಳಿದಳು. ಹಯವದನ ಎಲ್ಲಿಯೂ ಅಡ್ಡ ಬಾಯಿ ಹಾಕಲಿಲ್ಲ. ಕತ್ತಲಾಗುವ ಮುಂಚೆ ಅವಳು ಒಮ್ಮೆ ಜೋರಾಗಿ ನಕ್ಕುಬಿಟ್ಟಳು. ಪ್ರೇಮ ಆಂಟಿ ಪಾಪ, ಮಹತಿಯ ಕಾಲಿಗೆ ಹೊಂದುವ ಚಪ್ಪಲಿ ಎಲ್ಲಿ ಸಿಗುತ್ತದೆ ಎಂದು ಆ ಮೂರು ನಿಮಿಷದಲ್ಲೇ ಯೋಚಿಸಿದ್ದರಂತೆ.

ಓಣಂ ಬರುವ ಚಿಂಗಂ ತಿಂಗಳಿಗೆ ಮದುವೆ ಎಂದು ನಿಶ್ಚಯವಾಯಿತು. ಇನ್ನು ಮುಂದೆ ಬೀಗರ ಜೊತೆ ಅವರ ಭಾಷೆಯಲ್ಲೇ ಮಾತಾಡುವುದು ಎಂದು ಹಯವದನ ಹಟ ಹಿಡಿದು, ರಜೆಯ ದಿನ ಮೆಟ್ರೋ ಹತ್ತಿ ಕೊನೆಯ ನಿಲ್ದಾಣ ಆಲುವಕ್ಕೆ ಹೋಗತೊಡಗಿದ. ದಿವಾಕರನ್ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ಹುಡುಗರನ್ನು ಪಳಗಿಸಿದವರು; ತಾಳ್ಮೆಯ ಮನುಷ್ಯ. ಹಯವದನನ ಮಲಯಾಳ ಹೇಗಿತ್ತೆಂದರೆ, ಅವನು ಮಲಯಾಳದಲ್ಲಿ ಕೇಳಿದರೆ ಅವರು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದರು. ಒಂದು ಪದ ಸಿಗದಿದ್ದರೆ ಅವನು ಕನ್ನಡದ ಪದ ಹಾಕಿ, ಅದಕ್ಕೆ ಮಲಯಾಳದ ಬಾಲ ಕಟ್ಟುತ್ತಿದ್ದ. ಅಕ್ಕಪಕ್ಕದ ಭಾಷೆಗಳಲ್ಲವೇ, ಹೊಂದುತ್ತದೆ ಎಂಬ ಧೈರ್ಯ.

ಮದುವೆಗೆ ಕರೆಯಬೇಕಾದವರ ಹೆಸರುಗಳು ಆಲುವದ ಕಡೆಯಿಂದ ಬರಬೇಕಿತ್ತು. ಹಯವದನ ಫೋನ್ ಮಾಡಿ, ತಡೆಯಿಲ್ಲದ ಮಲಯಾಳದಲ್ಲಿ, ‘ನಿಙ್ಙಳುಡೆ ಪಟ್ಟಿ ಎಪ್ಪೋ ಕಿಟ್ಟುಂ?’ ಎಂದು ಕೇಳಿದ. ನಿಮ್ಮ ಪಟ್ಟಿ ಯಾವಾಗ ಸಿಗುತ್ತದೆ ಎಂಬುದು ಅವನ ಪ್ರಶ್ನೆ. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ.

ದಿವಾಕರನ್ ಬಹಳ ಯೋಚಿಸಿದರು. ‘ನಮ್ಮಲ್ಲಿ ನಾಯಿ ಇಲ್ಲವಲ್ಲ ಸಾರ್’ ಎಂದರು ಕೊನೆಗೆ. ‘ನಿಮ್ಮ ಕಡೆ ಮದುವೆಗೆ ಬೇಕೇ ಬೇಕು ಅಂತ ಕ್ರಮ ಇದ್ದರೆ ಹೇಳಿ. ಪಕ್ಕದ ಮನೆಯವರನ್ನು ಕೇಳುತ್ತೇನೆ.’

ರತ್ನ ಓಡಿಬಂದು ಫೋನ್ ಕಿತ್ತುಕೊಂಡಳು.

ಮದುವೆ ಆಲುವದಲ್ಲಿ ಚೆನ್ನಾಗಿಯೇ ಆಯಿತು. ಮಳೆ ಬಂತು, ಪಾಯಸ ಸಾಕಾಗದೆ ಎರಡನೆಯ ಸಲ ಮಾಡಿಸಿದರು, ಕೋಟದಿಂದ ಬಂದ ನೆಂಟರಿಗೆ ಕುಸುಬಲಕ್ಕಿ ಅನ್ನ ಸಿಕ್ಕಿದ್ದರಿಂದ ದೂರಲು ಏನೂ ಉಳಿಯಲಿಲ್ಲ. ಮಾರನೆಯ ದಿನ ಹುಡುಗನ ಮನೆಗೆ ಊಟಕ್ಕೆ ಹೋದಾಗ, ಗೇಟಿನ ಬಳಿ ಪಕ್ಕದ ಮನೆಯ ಮುದಿ ನಾಯಿಯೊಂದು ಕೊರಳಲ್ಲಿ ಮಲ್ಲಿಗೆ ಮಾಲೆ ಹಾಕಿಸಿಕೊಂಡು, ಯಾವುದಕ್ಕೂ ಸಂಬಂಧವಿಲ್ಲದ ಹಾಗೆ ಮಲಗಿತ್ತು. ದಿವಾಕರನ್ ಗರಿಗರಿ ಪಂಚೆಯಲ್ಲಿ ಅದರ ಪಕ್ಕ ಕೈಮುಗಿದು ನಿಂತಿದ್ದರು. ಹಯವದನ ಬಗ್ಗಿ ಅದರ ತಲೆ ಸವರಿದ. ಅದು ಒಂದು ಕಣ್ಣು ತೆರೆದು ಅವನನ್ನು ನೋಡಿ, ಆಕಳಿಸಿತು.